ಅಕ್ಕನ ಮನೆ ಟ್ರೇಲರ್: ಮಕ್ಕಳು ಬೆಳೆದ್ರು, ಬಂಕು ಬೆಳೀಲಿಲ್ಲ

ಹೋದ ವರ್ಷ ನಮ್ಮಕ್ಕ, ಭಾವ ತಮ್ಮ ಹಳೇ ಕ್ಯಾಂಪಿಂಗ್ ಟ್ರೇಲರ್ (ಗಾಡಿ ಹಿಂದೆ ಕಟ್ಟಿ ಎಳ್ಕೊಂಡು ಹೋಗೋ ಪುಟ್ಟ ಮನೆ) ಕೊಟ್ಟು ಬೇರೆ ತಗೋಬೇಕು ಅಂತ ಹೊರಟಾಗ ನಾನು ಶುರುವಿಂದ ಕೊನೇವರೆಗೂ ಜೊತೇಲಿದ್ದೆ. ತೂಕ ಹಾಕಿಸಿದ್ದು, ಆರೇಳು ಟ್ರೇಲರ್ ಒಳಗೆ ಹೋಗಿ ಮಲಗಿ ನೋಡಿದ್ದು, ಮಕ್ಕಳನ್ನ ಒಬ್ಬೊಬ್ರನ್ನೇ ಕೂರಿಸ್ಕೊಂಡು ಕೇಳಿದ್ದು, ಮಧ್ಯದಲ್ಲಿ ಅಕ್ಕ ಬೇಜಾರಾಗಿ ಏನೂ ಬೇಡ ಬಿಡು ಅಂದಿದ್ದು, ಎಲ್ಲದರಲ್ಲೂ ಇದ್ದೆ. ಮಕ್ಕಳು ಚಿಕ್ಕವರಿದ್ದಾಗ ಯಾವ ಟ್ರೇಲರ್ ತಗೋಬೇಕು ಅಂತ ಹೇಳೋಕೆ ನೂರು ಜನ ಇದಾರೆ, ಆದ್ರೆ ಮಕ್ಕಳು ಹದಿನೇಳು ಹತ್ತೊಂಬತ್ತಕ್ಕೆ ಬಂದು ಅರ್ಧ ಮನೇಲಿ ಅರ್ಧ ಹೊರಗೆ ಇರೋ ಹೊತ್ತಲ್ಲಿ ಏನು ಮಾಡ್ಬೇಕು ಅನ್ನೋದನ್ನ ಯಾರೂ ಸರಿಯಾಗಿ ಹೇಳಲ್ಲ, ಅದಕ್ಕೇ ಲೆಕ್ಕ ಸಮೇತ ಪೂರ್ತಿ ಬರೀತಿದೀನಿ.

ಮನೇಲಿ ಐದು ಜನ. ಅಕ್ಕ, ಭಾವ, ದೊಡ್ಡವಳಿಗೆ 19, ಕಾಲೇಜಿಗೆ ಅಂತ ಬೇರೆ ಊರಲ್ಲಿದಾಳೆ, ಮಧ್ಯದವನಿಗೆ 17, ಕೊನೆಯವಳಿಗೆ 14. ಹತ್ತು ವರ್ಷದ ಹಿಂದೆ ಅವರು ತಗೊಂಡಿದ್ದು 28 ಅಡಿ ಉದ್ದದ ಟ್ರೇಲರ್. ಮುಂದೆ ಅಪ್ಪ ಅಮ್ಮಂಗೆ ಮಂಚ, ಹಿಂದೆ ಮೂಲೇಲಿ ಮೇಲೆ ಕೆಳಗೆ ಎರಡು ಬಂಕು (ರೈಲಿನ ಬರ್ತ್ ತರದ ಹಾಸಿಗೆ), ಮಧ್ಯದಲ್ಲಿ ಊಟದ ಟೇಬಲ್ಲು, ರಾತ್ರಿ ಅದನ್ನ ಇಳಿಸಿ ದಿಂಬು ಹಾಸಿದ್ರೆ ಇನ್ನೊಂದು ಹಾಸಿಗೆ. ಆಗ ಮಕ್ಕಳಿಗೆ 9, 7, 4. ಹೇಳಿ ಮಾಡಿಸಿದ ಹಾಗಿತ್ತು. ಈಗ್ಲೂ ಟ್ರೇಲರ್ ಕೆಟ್ಟಿರಲಿಲ್ಲ, ಭಾವ ವರ್ಷಕ್ಕೆ ಎರಡು ಸಲ ಮೇಲೆ ಹತ್ತಿ ರೂಫಿನ ಅಂಚಿನ ಸೀಲಂಟ್ ನೋಡ್ಕೊಂಡು ಬಂದಿದ್ರಿಂದ ಒಂದು ಹನಿ ನೀರು ಒಳಗೆ ಬಂದಿರಲಿಲ್ಲ.

ಶುರುವಾಗಿದ್ದು ಬಂಕಿಂದ. ಒಂದು ರಾತ್ರಿ ಮೇಲಿನ ಬಂಕಲ್ಲಿ ಹುಡುಗ ಹೊರಳಿದ್ದಕ್ಕೆ ಕೆಳಗಿನ ಪ್ಲೈವುಡ್ ಕಿರ್ ಅಂತು, ಕೆಳಗೆ ಮಲಗಿದ್ದ ಚಿಕ್ಕವಳು ಎದ್ದು ಹೋಗಿ ಟೇಬಲ್ ಪಕ್ಕದ ಬೆಂಚಲ್ಲಿ ಮುದುರಿಕೊಂಡಳು. ಬೆಳಿಗ್ಗೆ ನಾನು ಟಾರ್ಚ್ ಹಿಡಿದು ಹಾಸಿಗೆ ಎತ್ತಿ ನೋಡ್ದೆ. ಅಂಚಲ್ಲಿ ಒಂದು ಸಣ್ಣ ಸ್ಟಿಕ್ಕರ್, ಧೂಳು ಒರೆಸಿದ್ರೆ ಅಕ್ಷರ ಕಾಣ್ತು, ಗರಿಷ್ಠ 68 ಕೆಜಿ. ಹುಡುಗ 78 ಕೆಜಿ ಇದಾನೆ. ಎತ್ತರ 6 ಅಡಿ 1 ಇಂಚು, ಬಂಕಿನ ಉದ್ದ ಸರಿಯಾಗಿ 6 ಅಡಿ, ಅಗಲ ಎರಡೂವರೆ ಅಡಿಗೂ ಕಮ್ಮಿ. ಅಂದ್ರೆ ಎರಡು ವರ್ಷದಿಂದ ಅವನು ಮಂಡಿ ಮಡಚಿಕೊಂಡೇ ಮಲಗ್ತಿದ್ದ, ಕಾಲು ಚಾಚಿದ್ರೆ ಹೆಬ್ಬೆರಳು ಬೀರುವಿನ ಬಾಗಿಲಿಗೆ ತಾಗಿ ತಾಗಿ ಆ ಜಾಗದಲ್ಲಿ ಲ್ಯಾಮಿನೇಟ್ ಹೊಳಪೇ ಹೋಗಿತ್ತು. ಅವನು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಅಕ್ಕ ಆ ಸ್ಟಿಕ್ಕರ್ ನೋಡಿ ಸುಮ್ಮನೆ ನಿಂತ್ಕೊಂಡ್ಲು, ಆಮೇಲೆ ಇಷ್ಟು ದಿನ ಇವಳ ತಲೆ ಮೇಲೆ ಅವನನ್ನ ಮಲಗಿಸಿದೀನಲ್ಲೋ ಅಂದ್ಲು. ದಯವಿಟ್ಟು ನಿಮ್ಮನೇಲಿ ಬಂಕ್ ಇದ್ರೆ ಇವತ್ತೇ ಹಾಸಿಗೆ ಎತ್ತಿ ನೋಡಿ. ಎಲ್ಲಾ ಬಂಕಿಗೂ ಇದೇ ಮಿತಿ ಇರಲ್ಲ, ಕೆಲವು ಇದರ ಎರಡರಷ್ಟು ತಡ್ಕೊಳ್ಳೋ ಹಾಗೆ ಮಾಡಿರ್ತಾರೆ, ಆದ್ರೆ ನಿಮ್ಮದರ ಮಿತಿ ಎಷ್ಟು ಅಂತ ನಿಮಗೆ ಗೊತ್ತಿರ್ಬೇಕು.

ಭಾವನ ಮೊದಲ ಯೋಚನೆ ಎಲ್ಲರದ್ದೂ ಇರೋ ಹಾಗೇ ಇತ್ತು. ಮಕ್ಕಳು ದೊಡ್ಡವರಾದ್ರು, ಹಾಗಾದ್ರೆ ಟ್ರೇಲರೂ ದೊಡ್ಡದು ಬೇಕು, 33 ಅಡಿದು, ಹಿಂದೆ ಬಾಗಿಲು ಹಾಕ್ಕೊಳ್ಳೋ ಬಂಕ್ ರೂಮು, ಎರಡು ಸ್ಲೈಡ್ ಔಟ್ (ನಿಲ್ಲಿಸಿದ ಮೇಲೆ ಜಾಗ ಜಾಸ್ತಿ ಆಗೋಕೆ ಹೊರಗೆ ಚಾಚೋ ಭಾಗ). ಫೋಟೋ ಎಲ್ಲಾ ಕಳಿಸಿದ್ರು. ಅದಕ್ಕೆ ಮುಂಚೆ ಈಗಿರೋದನ್ನ ಒಂದ್ಸಲ ತೂಕ ಹಾಕ್ಸೋಣ ಭಾವ ಅಂತ ನಾನಂದೆ. ಹತ್ತು ವರ್ಷದಲ್ಲಿ ಒಂದು ಸಲವೂ ಹಾಕ್ಸಿರಲಿಲ್ಲ. ಬ್ರೋಷರಲ್ಲಿ 2250 ಕೆಜಿ ಅಂತ ಇದೆಯಲ್ಲ ಅಂದ್ರು. ಅದು ಖಾಲಿ ತೂಕ. ಅದರಲ್ಲಿ ನೀರಿಲ್ಲ, ಪಾತ್ರೆ ಇಲ್ಲ, ಹಾಸಿಗೆ ಹೊದಿಕೆ ಇಲ್ಲ, ಸಾಮಾನ್ಯವಾಗಿ ಬ್ಯಾಟರೀನೂ ಲೆಕ್ಕಕ್ಕಿರಲ್ಲ. ಟೂರಿಗೆ ಹೊರಡೋ ಹಾಗೇ ಪೂರ್ತಿ ತುಂಬಿಸಿ, ನೀರಿನ ಟ್ಯಾಂಕೂ ತುಂಬಿಸಿ (150 ಲೀಟರ್ ಅಂದ್ರೆ 150 ಕೆಜಿ, ನೀರಲ್ಲಿ ಲೆಕ್ಕ ಸುಲಭ) ವೇ ಬ್ರಿಡ್ಜಿಗೆ ತಗೊಂಡು ಹೋದ್ವಿ.

ಅಲ್ಲಿ ಮೂರು ಸಲ ತೂಕ ಹಾಕ್ಸಬೇಕು, ಬರೀ ಒಂದು ಸಲ ಅಲ್ಲ. ಮೊದಲು ಟ್ರೇಲರನ್ನ ಬಿಚ್ಚಿ ಅದೊಂದನ್ನೇ. ಆಮೇಲೆ ಗಾಡಿಗೆ ಟ್ರೇಲರ್ ಸಿಕ್ಕಿಸಿ, ಗಾಡಿ ಚಕ್ರ ಮಾತ್ರ ಪ್ಲೇಟ್ ಮೇಲೆ ಬರೋ ಹಾಗೆ ನಿಲ್ಲಿಸಿ. ಆಮೇಲೆ ಟ್ರೇಲರ್ ಇಲ್ಲದೆ ಗಾಡಿ ಒಂದನ್ನೇ. ಎರಡನೇದರಲ್ಲಿ ಮೂರನೇದನ್ನ ಕಳೆದ್ರೆ ಟ್ರೇಲರಿನ ಮೂತಿ ಗಾಡಿಯ ಹಿಂಭಾಗದ ಮೇಲೆ ಎಷ್ಟು ಒತ್ತುತ್ತೆ ಅಂತ ಗೊತ್ತಾಗುತ್ತೆ, ಇದನ್ನೇ ಟಂಗ್ ವೆಯ್ಟ್ ಅನ್ನೋದು. ಭಾರ ಹಂಚೋ ಬಾರ್ ಇರೋ ಹಿಚ್ (ಗಾಡಿಗೂ ಟ್ರೇಲರಿಗೂ ಮಧ್ಯದ ಕೊಂಡಿ) ಆದ್ರೆ ತೂಕ ಹಾಕೋವಾಗ ಆ ಬಾರ್ ಬಿಚ್ಚಿರ್ಬೇಕು, ಇಲ್ಲಾಂದ್ರೆ ಭಾರ ಒಂದಷ್ಟು ವಾಪಸ್ ಟ್ರೇಲರ್ ಚಕ್ರಕ್ಕೆ ಹೋಗಿ ಲೆಕ್ಕ ತಪ್ಪುತ್ತೆ. ನಮಗೆ ಬಂದಿದ್ದು ಟ್ರೇಲರ್ 2900, ಟಂಗ್ ವೆಯ್ಟ್ 350. ಸುಮಾರು ಶೇಕಡಾ 12. ಈ ತರ ಉದ್ದನೇ ಟ್ರೇಲರಿಗೆ ಶೇಕಡಾ 10ರಿಂದ 15 ಇರ್ಬೇಕು ಅಂತಾರೆ. ಕಮ್ಮಿ ಆದ್ರೆ ಸ್ಪೀಡಲ್ಲಿ ಹೋಗೋವಾಗ ಟ್ರೇಲರ್ ಬಾಲ ಬೀಸೋಕೆ ಶುರು ಮಾಡುತ್ತೆ, ಜಾಸ್ತಿ ಆದ್ರೆ ಗಾಡಿ ಹಿಂದೆ ಕುಕ್ಕರಿಸಿ ಮುಂದಿನ ಚಕ್ರ ಹಗುರ ಆಗಿ ಸ್ಟೀರಿಂಗ್ ಹಿಡಿತ ಹೋಗುತ್ತೆ. ಹಾಗಾಗಿ ಟ್ರೇಲರ್ ಸರಿ ಇತ್ತು.

ಗಾಡಿ ಸರಿ ಇರಲಿಲ್ಲ. ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತೆ, ಜನ, ಸಾಮಾನು ಎಲ್ಲಾ ಸೇರಿ ಇಷ್ಟು ಕೆಜಿ ಮೀರಬಾರದು ಅಂತ, ಅದೇ ಪೇಲೋಡ್. ಟಂಗ್ ವೆಯ್ಟೂ ಅದರಲ್ಲೇ ಬರುತ್ತೆ, ಬಹಳ ಜನ ಇದನ್ನ ಮರೀತಾರೆ. ಭಾವನ ಗಾಡಿದು 650. ನಾನು ಅಲ್ಲೇ ರಸೀದಿ ಹಿಂದೆ ಬರ್ಕೊಂಡೆ. ಟಂಗ್ 350, ಹಿಚ್ ಕಬ್ಬಿಣ 40, ಗಾಡಿ ಡಿಕ್ಕೀಲಿ ಸಾಮಾನು 40. ಉಳಿದಿದ್ದು ಜನ. ಹತ್ತು ವರ್ಷದ ಹಿಂದೆ ಅಕ್ಕ ಭಾವ ಇಬ್ಬರೂ ಸೇರಿ 135, ಮೂರು ಮಕ್ಕಳು ಸೇರಿ 70, ಒಟ್ಟು 205. ಎಲ್ಲಾ ಕೂಡಿದ್ರೆ 635. ಸ್ವಲ್ಪದರಲ್ಲಿ ಒಳಗೇ ಇತ್ತು. ಈಗ ಅಕ್ಕ ಭಾವ 142, ಮಕ್ಕಳು 56, 78, 50, ಒಟ್ಟು 326. ಕೂಡಿದ್ರೆ 756. ಅಂದ್ರೆ ಮಿತಿಗಿಂತ 106 ಕೆಜಿ ಜಾಸ್ತಿ ಹೊತ್ಕೊಂಡು ಘಾಟಿ ಇಳೀತಿದ್ರು. ಅದೇ ಟ್ರೇಲರ್, ಅದೇ ಗಾಡಿ, ಅದೇ ಐದು ಜನ. ಒಂದು ಸ್ಕ್ರೂನೂ ಹೊಸದಾಗಿ ಹಾಕಿರಲಿಲ್ಲ, ಮಕ್ಕಳು ಬೆಳೆದಿದ್ದೇ ಓವರ್‌ಲೋಡ್.

ಭಾವ ಆ ಚೀಟಿ ಇಸ್ಕೊಂಡು ಮೂರು ಸಲ ಕೂಡಿದ್ರು. ಆಮೇಲೆ ಹಿಂದಿನ ಬಂಪರ್ ಕಡೆ ನೋಡಿದ್ರು, ಅಲ್ಲಿ ಐದು ಸೈಕಲ್. ಮೊದಲು ಅಲ್ಲಿರ್ತಿದ್ದಿದ್ದು ಎರಡು ದೊಡ್ಡದು, ಮೂರು ಪುಟಾಣಿ. ಈಗ ಐದೂ ದೊಡ್ಡವು, ಒಂದೊಂದು 15 ಕೆಜಿ, ಸ್ಟ್ಯಾಂಡ್ ಬೇರೆ. ಅಷ್ಟು ಭಾರ ತೀರಾ ಹಿಂದೆ ಇದ್ರೆ ತಕ್ಕಡಿ ಹಾಗೆ ಮುಂದಿನ ಮೂತಿ ಮೇಲೇಳುತ್ತೆ, ಟಂಗ್ ವೆಯ್ಟ್ ಕಮ್ಮಿ ಆಗುತ್ತೆ, ಬಾಲ ಬೀಸೋ ಅಪಾಯ. ಜೊತೆಗೆ ಟ್ರೇಲರಿನ ಆ ಚೌಕ ಬಂಪರ್ ತೆಳು ತಗಡು, ಪೈಪ್ ಇಡೋಕೆ ಮಾಡಿದ್ದು, ರಸ್ತೆ ಕುಲುಕಾಟದಲ್ಲಿ ಸೈಕಲ್ ಹೊರೋಕಲ್ಲ. ಅವತ್ತೇ ಇಳಿಸಿದ್ವಿ.

ಹಾಗಾದ್ರೆ 33 ಅಡಿ ಅನ್ನೋದು ಟ್ರೇಲರ್ ಒಂದರ ಮಾತಲ್ಲ, ಗಾಡೀನೂ ಬದಲಾಯಿಸ್ಬೇಕು, ದೊಡ್ಡ ಪಿಕಪ್ಪೇ ಬೇಕು, ಅದನ್ನ ದಿನಾ ಕೆಲಸಕ್ಕೂ ಓಡಿಸ್ಬೇಕು. ಇನ್ನೊಂದು, ಕಾಡೊಳಗಿನ ಹಳೇ ಕ್ಯಾಂಪ್ ಜಾಗಗಳು ಸಣ್ಣ ಟ್ರೇಲರ್ ಕಾಲದಲ್ಲಿ ಮಾಡಿದ್ದು, ತಿರುವು ಚಿಕ್ಕದು, ಮರ ಹತ್ತಿರ ಹತ್ತಿರ, ಉದ್ದದ ಮಿತಿ ಬೋರ್ಡಲ್ಲೇ ಬರೆದಿರ್ತಾರೆ. ಇವರಿಗೆ ಇಷ್ಟವಾದ ಜಾಗಗಳೆಲ್ಲ ಅಂಥವೇ.

ಇಲ್ಲಿ ಭಾವನ ಒಂದು ಅಭ್ಯಾಸ ನಮ್ಮನ್ನ ಕಾಪಾಡಿತು. ಟ್ರೇಲರಿನ ಡ್ರಾಯರಲ್ಲಿ ಒಂದು ನೋಟ್‌ಬುಕ್ ಇಟ್ಟಿದಾರೆ, ಪ್ರತಿ ರಾತ್ರಿ ಎಲ್ಲಿ ಇದ್ವಿ, ಯಾರ್ಯಾರು ಇದ್ರು, ಬ್ಯಾಟರಿ ಎಷ್ಟು, ಅಂತ ಎರಡು ಸಾಲು ಬರೀತಾರೆ. ಒಂದು ಸಂಜೆ ಅಕ್ಕ ಅದನ್ನ ಹಿಡ್ಕೊಂಡು ಎಣಿಸಿದ್ಲು. ಮೊದಲನೇ ವರ್ಷ 31 ರಾತ್ರಿ, 31ಕ್ಕೆ 31 ಐದೂ ಜನ. ಹೋದ ವರ್ಷ 26 ರಾತ್ರಿ. ಅದರಲ್ಲಿ ಐದೂ ಜನ ಇದ್ದಿದ್ದು 6. ಅಪ್ಪ ಅಮ್ಮ ಚಿಕ್ಕವಳು ಮಾತ್ರ 9. ಇವರಿಬ್ರೇ 11. ಎಣಿಸಿ ಪೆನ್ ಕೆಳಗಿಟ್ಟು ಅಕ್ಕ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಅವಳಿಗೆ ಅದು ಬರೀ ಲೆಕ್ಕ ಆಗಿರಲಿಲ್ಲ. ನಂಗೂ ಗಂಟಲು ಕಟ್ಟಿತು, ಆ ಮೊದಲನೇ ವರ್ಷದ ಪುಟದಲ್ಲಿ ನಾಲ್ಕು ವರ್ಷದ ಮಗು ಗೀಚಿದ ಗೆರೆ ಇನ್ನೂ ಇತ್ತು.

ಮಕ್ಕಳನ್ನ ಕೇಳೋ ಕೆಲಸ ನಂಗೆ ಬಂತು, ಅಪ್ಪ ಅಮ್ಮ ಕೇಳಿದ್ರೆ ಬೇಜಾರಾಗ್ಬಾರದು ಅಂತ ಎಲ್ಲದಕ್ಕೂ ಹೂಂ ಅಂತಾರೆ ಅಂತ. ದೊಡ್ಡವಳು ಫೋನಲ್ಲಿ ಸಿಕ್ಕಿದ್ಲು, ಮಾವ, ನಾನು ಬಂದೇ ಬರ್ತೀನಿ, ಆದ್ರೆ ಪೂರ್ತಿ ವಾರ ಆಗಲ್ಲ, ಎರಡು ಮೂರು ರಾತ್ರಿ, ನನ್ನ ಕಾರಲ್ಲೇ ಬಂದು ಹೋಗ್ತೀನಿ, ಅಮ್ಮಂಗೆ ನೀವೇ ಹೇಳಿ ಅಂದ್ಲು. ಹುಡುಗ ಮುಖ ಕೆಳಗೆ ಹಾಕ್ಕೊಂಡು, ಒಳಗೆ ಮಲಗೋಕಿಂತ ಟೆಂಟೇ ವಾಸಿ ಮಾವ, ಕಾಲು ಚಾಚಬಹುದು, ಅಂದ. ಎಷ್ಟು ದಿನದಿಂದ ಹಾಗನ್ಸಿತ್ತೋ ಅಂದ್ರೆ ಎರಡು ವರ್ಷ ಅಂತಾನೆ. ಚಿಕ್ಕವಳು ಮಾತ್ರ ಬಂಕ್ ಬಿಡೋಕೆ ಒಪ್ಪಲಿಲ್ಲ. ಅವಳಿಗೆ ಬೇಕಾಗಿದ್ದು ಬಂಕಲ್ಲ ಅಂತ ಆಮೇಲೆ ಗೊತ್ತಾಯ್ತು, ಆ ಪರದೆ. ಎಳೆದ್ರೆ ಒಳಗೆ ಅವಳದೇ ಒಂದು ಜಾಗ, ದೀಪ, ಪುಸ್ತಕ. ಟೇಬಲ್ ಇಳಿಸಿ ಮಾಡೋ ಹಾಸಿಗೇಲಿ ಅದು ಸಿಗಲ್ಲ, ಅಲ್ಲಿ ಮಲಗೋರು ಎಲ್ಲರ ಊಟ, ಮಾತು ಮುಗಿದ ಮೇಲೆ ಕೊನೇಲಿ ಮಲಗಬೇಕು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳಬೇಕು. ಬ್ರೋಷರಲ್ಲಿ ಆರು ಜನ ಮಲಗಬಹುದು ಅಂತ ಬರೆಯೋವಾಗ ಇದನ್ನ ಯಾರೂ ಹೇಳಲ್ಲ, ಹದಿನಾಲ್ಕು ವರ್ಷದವರಿಗೆ ಅದು ಎಷ್ಟು ಕಷ್ಟ ಅಂತ ಅವಳು ಹೇಳಿದ ಮೇಲೇ ನಂಗೆ ಹೊಳೆದಿದ್ದು.

ಆಮೇಲೆ ನೋಡೋಕೆ ಹೋದ್ವಿ. ಮಡಚೋ ಟ್ರೇಲರ್, ಅಂದ್ರೆ ಕ್ಯಾನ್ವಾಸ್ ಗೋಡೆದು, ಹಗುರ, ಗಾಡಿಗೆ ಆರಾಮ, ಆದ್ರೆ ಒದ್ದೆಯಾಗಿ ಮಡಚಿದ್ರೆ ಮನೆಗೆ ಬಂದು ಮತ್ತೆ ಬಿಚ್ಚಿ ಒಣಗಿಸ್ಬೇಕು ಇಲ್ಲಾಂದ್ರೆ ಬೂಷ್ಟು ಹಿಡಿಯುತ್ತೆ, ಭಾವನ ಬೆನ್ನಿಗೆ ಅದು ಆಗಲ್ಲ. ಎರಡೂ ತುದೀಲಿ ಕ್ಯಾನ್ವಾಸ್ ಮಂಚ ಹೊರಗೆ ಚಾಚೋ ಹೈಬ್ರಿಡ್ ಚೆನ್ನಾಗಿತ್ತು, ಅಲ್ಲೂ ಅದೇ ಒಣಗಿಸೋ ತಲೆನೋವು. ಹಿಂದೆ ಗ್ಯಾರೇಜ್ ತರ ಜಾಗ ಇರೋ ಟಾಯ್ ಹಾಲರ್ ಹುಡುಗನಿಗೆ ಬಹಳ ಇಷ್ಟ ಆಯ್ತು, ಸೈಕಲ್ ಒಳಗೇ, ಮೇಲಿಂದ ಮೋಟಾರಲ್ಲಿ ಇಳಿಯೋ ದೊಡ್ಡ ಮಂಚ. ಖಾಲಿ ತೂಕವೇ ಜಾಸ್ತಿ, ಗಾಡಿ ಬದಲಾಯಿಸದೆ ಆಗ್ತಿರಲಿಲ್ಲ. ಇದ್ದದ್ದನ್ನೇ ಉಳಿಸ್ಕೊಂಡು ಕೆಳಗಿನ ಬಂಕ್ ತೆಗೆದು ಮೇಲಿಂದನ್ನ ಗಟ್ಟಿ ಮಾಡೋದನ್ನೂ ಯೋಚಿಸಿದ್ವಿ, ನಾನು ಆ ಕಡೇನೇ ಇದ್ದೆ ಮೊದಲು. ಆದ್ರೆ ಉದ್ದ ಆರಡಿ ಮೀರಿಸೋ ಹಾಗಿರಲಿಲ್ಲ, ಒಂದು ಕಡೆ ಹೊರಗೋಡೆ, ಇನ್ನೊಂದು ಕಡೆ ಬೀರು, ಟಾಯ್ಲೆಟ್ಟು, ಮತ್ತೆ 756ರ ಲೆಕ್ಕಕ್ಕೆ ಅದರಿಂದ ಏನೂ ಪ್ರಯೋಜನ ಇಲ್ಲ.

ನೀರಿನ ವಿಷಯವೂ ಹೇಳ್ಬೇಕು. ಚಿಕ್ಕ ಮಕ್ಕಳಿದ್ದಾಗ ಸ್ನಾನ ಅಂದ್ರೆ ಒಂದು ಮಗ್ ನೀರು. ಈಗ ಐದು ಜನ ದೊಡ್ಡವರು, ಬಿಸಿನೀರಿನ ಟ್ಯಾಂಕು 22 ಲೀಟರ್, ಇಬ್ಬರ ಸ್ನಾನಕ್ಕೆ ಖಾಲಿ, ಮೂರನೆಯವರು ಕಾಯ್ಬೇಕು, ಸಿಂಕು ಮತ್ತೆ ಸ್ನಾನದ ನೀರು ಹೋಗೋ ಟ್ಯಾಂಕು ಎರಡನೇ ದಿನಕ್ಕೇ ತುಂಬಿ ಬರುತ್ತೆ. ಮಂಚದ ಲೆಕ್ಕ ಹಾಕೋರು ಟ್ಯಾಂಕಿನ ಲೆಕ್ಕ ಹಾಕಲ್ಲ. ಎಂಟು ಜನ ಮಲಗೋ ಟ್ರೇಲರಿಗೂ ಕೆಲವು ಸಲ ನಾಲ್ಕು ಜನರದಷ್ಟೇ ಟ್ಯಾಂಕ್ ಇರುತ್ತೆ, ಕೇಳಿ ನೋಡಿ.

ಅಕ್ಕ ಬೇಡ ಬಿಡು ಅಂದಿದ್ದು ಈ ಹೊತ್ತಲ್ಲೇ. ಇಬ್ಬರಿಗೆ ಅಂತ ಮಾಡಿರೋ 20 ಅಡಿದು ಒಂದನ್ನ ನೋಡ್ತಿದ್ವಿ, ಒಂದೇ ಮಂಚ, ಎರಡು ಕುರ್ಚಿ, ಬಹಳ ಅಚ್ಚುಕಟ್ಟು. ಅವಳು ಬಾಗಿಲಲ್ಲೇ ನಿಂತು, ಇದರಲ್ಲಿ ಮಕ್ಕಳು ಎಲ್ಲಿ ಕೂರ್ತಾರೆ ಅಂದ್ಲು. ಭಾವ ಟೆಂಟ್ ಹಾಕಿದ್ರಾಯ್ತಲ್ಲ ಅಂದ್ರು. ಮಲಗೋದನ್ನ ಕೇಳ್ತಿಲ್ಲ ರೀ, ಕೂರೋದು, ಮಳೆ ಬಂದಾಗ ಎಲ್ರೂ ಎಲ್ಲಿ ಕೂರೋದು, ಅಂದ್ಲು. ಇಡೀ ಹುಡುಕಾಟದಲ್ಲಿ ಬಂದ ಅತ್ಯಂತ ಸರಿಯಾದ ಪ್ರಶ್ನೆ ಅದು ಅಂತ ನಾನು ಇವತ್ತಿಗೂ ಹೇಳ್ತೀನಿ. ನಾವೆಲ್ಲ ರಾತ್ರಿ ಎಷ್ಟು ಜನ ಮಲಗ್ತಾರೆ ಅಂತ ಎಣಿಸ್ತಿದ್ವಿ. ದೊಡ್ಡ ಮಕ್ಕಳು ಎಲ್ಲಾದ್ರೂ ಮಲಗ್ತಾರೆ, ಟೆಂಟೋ, ಕಾರೋ, ಆದ್ರೆ ಮಳೆ ಹಿಡಿದ ಮಧ್ಯಾಹ್ನ ಐದು ಜನ ದೊಡ್ಡವರು ಒಂದು ಟೇಬಲ್ ಸುತ್ತ ಮಂಡಿ ತಾಗದ ಹಾಗೆ ಕೂರೋಕೆ ಜಾಗ ಇಲ್ಲಾಂದ್ರೆ ಅವರು ಮುಂದಿನ ಸಲ ಬರಲ್ಲ. ಹಳೇ ಟ್ರೇಲರಲ್ಲಿ ಎದುರುಬದುರು ಬೆಂಚು, ನಾಲ್ಕು ಜನ ಕೂರೋದೇ ಕಷ್ಟ, ಐದನೆಯವರು ಬಂಕಲ್ಲಿ ಕೂತು ತಟ್ಟೆ ಹಿಡ್ಕೊಳ್ಬೇಕಿತ್ತು.

ಅಲ್ಲಿಂದ ಹುಡುಕೋ ರೀತೀನೇ ಬದಲಾಯ್ತು. ಇಬ್ಬರಿಗೆ ಮಂಚ ಒಂದು, ಎರಡೂ ಕಡೆಯಿಂದ ಇಳಿಯೋ ಹಾಗಿರ್ಬೇಕು, ಒಬ್ಬರನ್ನೊಬ್ಬರು ದಾಟದೆ. ಐದು ಜನ ಕೂರೋ ಯು ಆಕಾರದ ಸೀಟು. ಚಿಕ್ಕವಳಿಗೆ ಪರದೆ ಎಳ್ಕೊಳ್ಳೋ ಜಾಗ, ಕಡೇಪಕ್ಷ ಅವಳು 18 ಆಗೋವರೆಗೆ. ತುಂಬಿಸಿದ ತೂಕ 2200 ದಾಟಬಾರದು. ಇಷ್ಟೇ ಬರ್ಕೊಂಡು ಹೋದ್ವಿ.

ಕೊನೇಗೆ ಸಿಕ್ಕಿದ್ದು 23 ಅಡಿದು, ನಾಲ್ಕು ವರ್ಷ ಹಳೇದು, ಎರಡು ಆಕ್ಸಲ್. ಮುಂದೆ ಮಂಚ, ಮಧ್ಯದಲ್ಲಿ ಸ್ಲೈಡ್ ಔಟಲ್ಲಿ ಯು ಸೀಟು, ಹಿಂದಿನ ಗೋಡೆಗೆ ಸೋಫಾ, ಅದನ್ನ ಎಳೆದ್ರೆ 6 ಅಡಿ 4 ಇಂಚಿನ ಹಾಸಿಗೆ. ನೋಡೋಕೆ ಹೋದಾಗ ಐದು ಜನರನ್ನೂ ಕರ್ಕೊಂಡು ಹೋಗಿದ್ವಿ, ದೊಡ್ಡವಳು ರಜೆಗೆ ಬಂದಿದ್ಲು. ಮೊದಲು ಸ್ಲೈಡ್ ಒಳಗೆ ಎಳೆದು ನೋಡ್ದೆ, ಫ್ರಿಜ್ ಬಾಗಿಲು ತೆಗೆಯಕ್ಕಾಗುತ್ತಾ, ಟಾಯ್ಲೆಟ್ಟಿಗೆ ಹೋಗಕ್ಕಾಗುತ್ತಾ ಅಂತ. ದಾರಿ ಮಧ್ಯ ನಿಲ್ಲಿಸಿದಾಗ ಸ್ಲೈಡ್ ಚಾಚೋಕೆ ಜಾಗ ಇರಲ್ಲ, ಇದನ್ನ ನೋಡದೆ ತಗೊಂಡು ಬಹಳ ಜನ ಒದ್ದಾಡ್ತಾರೆ. ಆಮೇಲೆ ಸ್ಲೈಡ್ ಚಾಚಿ ಐದೂ ಜನ ಕೂತ್ರು, ಅರ್ಧ ಗಂಟೆ, ಫೋನ್ ನೋಡ್ಕೊಂಡು, ಜಗಳ ಆಡ್ಕೊಂಡು, ಹಾಗೇ ಕೂತಿರಿ ಅಂದೆ. ಹುಡುಗನನ್ನ ಸೋಫಾ ಮೇಲೆ ಶೂ ಬಿಚ್ಚಿ ಮಲಗಿಸ್ದೆ. ಕಾಲು ಪೂರ್ತಿ ಚಾಚಿದ, ಹಿಮ್ಮಡಿಯಿಂದ ಅಂಚಿಗೆ ಮೂರು ಬೆರಳು ಉಳೀತು. ಅವನು ಹಾಗೇ ಕಣ್ಣು ಮುಚ್ಚಿಬಿಟ್ಟ, ಅಕ್ಕ ಅವನ ಕಾಲು ನೋಡ್ತಾ ನಿಂತಿದ್ಲು.

ಹಳೇದು ಆದ್ರಿಂದ ನೀರು ಸೋರಿದೆಯಾ ಅಂತ ನೋಡೋದೇ ದೊಡ್ಡ ಕೆಲಸ. ಮೂಲೆಗಳಲ್ಲಿ, ಕಿಟಕಿ ಕೆಳಗೆ, ಬೀರುವಿನ ಒಳಗೆ ತೇವ ಅಳೆಯೋ ಮೀಟರ್ ಒತ್ತಿ ನೋಡಿದ್ವಿ, ನೆಲ ಎಲ್ಲಾದ್ರೂ ಮೆತ್ತಗಾಗಿದೆಯಾ ಅಂತ ಹಿಮ್ಮಡಿ ಊರಿ ನಡೆದ್ವಿ, ಹೊರಗೋಡೆಗೆ ಕೆನ್ನೆ ಇಟ್ಟು ಉದ್ದಕ್ಕೆ ಕಣ್ಣು ಹಾಯಿಸಿದ್ರೆ ಉಬ್ಬು ಕಾಣುತ್ತೆ, ಪದರ ಬಿಟ್ಟಿದ್ರೆ ಅಲ್ಲೇ ಬಿಟ್ಟು ಬನ್ನಿ, ರಿಪೇರಿ ಮುಗಿಯಲ್ಲ. ಟೈರ್ ಹೊಸದರ ಹಾಗಿತ್ತು, ಆದ್ರೆ ಪಕ್ಕದಲ್ಲಿ ಕೊನೇ ನಾಲ್ಕು ಅಂಕಿ 2318, ಅಂದ್ರೆ 2018ರ 23ನೇ ವಾರದಲ್ಲಿ ತಯಾರಾಗಿದ್ದು. ಟ್ರೇಲರ್ ಟೈರ್ ಸವೆಯೋದಕ್ಕಿಂತ ಮೊದಲೇ ನಿಂತು ನಿಂತು ವಯಸ್ಸಾಗಿ ಸಿಡಿಯುತ್ತೆ, ಐದಾರು ವರ್ಷಕ್ಕೆ ಬದಲಾಯಿಸೋದು ಒಳ್ಳೇದು. ಟ್ರೇಲರಿಗಿಂತ ಟೈರ್ ಹಳೇದು ಯಾಕೆ ಅಂತ ಕೇಳಿದ್ದಕ್ಕೆ ಮಾರೋರು ಸರಿಯಾಗಿ ಉತ್ತರ ಕೊಡಲಿಲ್ಲ, ನಾಲ್ಕು ಹೊಸ ಟೈರಿನ ದುಡ್ಡು ಬೆಲೇಲಿ ಕಮ್ಮಿ ಮಾಡಿಸಿದ್ವಿ.

ತುಂಬಿಸಿ ವೇ ಬ್ರಿಡ್ಜಿಗೆ ಹೋದಾಗ 2150 ಬಂತು, ಟಂಗ್ 260. ಐದೂ ಜನ ಗಾಡೀಲಿ ಕೂತ್ರೆ ಈಗ್ಲೂ 666, ಅಂದ್ರೆ 16 ಕೆಜಿ ಜಾಸ್ತಿ. ಅದಕ್ಕೇ ಐದೂ ಜನ ಒಂದೇ ಗಾಡೀಲಿ ಹೋಗಲ್ಲ ಅಂತ ತೀರ್ಮಾನ. ದೊಡ್ಡವಳು ಹೇಗೂ ತನ್ನ ಕಾರಲ್ಲೇ ಬರ್ತಾಳೆ, ಅವಳನ್ನ ಬಿಟ್ರೆ 610. ಮಗಳು ಬೇರೆ ಕಾರಲ್ಲಿ ಬರೋದು ಅಕ್ಕನಿಗೆ ಮೊದಲು ಬೇಜಾರಾಗಿತ್ತು, ಈಗ ಬಾ, ನೀನು ನಿನ್ನ ಕಾರಲ್ಲಿ ಬಂದ್ರೇನೇ ನಮಗೆ ಬ್ರೇಕ್ ಸರಿಯಾಗಿ ಹಿಡಿಯೋದು ಅಂತ ಅವಳೇ ಫೋನಲ್ಲಿ ಹೇಳ್ತಾಳೆ. ಸೈಕಲ್ ಮೂರು ಮಾತ್ರ, ಅದೂ ಮಗಳ ಕಾರಿನ ಹಿಂದೆ.

ಒಂದು ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ಸೋಫಾ ಮುಂದೆ ಪರದೆಗೆ ಅಂತ ಭಾವ ಸೀಲಿಂಗಲ್ಲಿ ರೈಲು ಹಾಕಿಸಿ ದಪ್ಪ ಬಟ್ಟೆ ಬಿಟ್ಟಿದಾರೆ, ಒಳಗೆ ದೀಪವೂ ಇದೆ, ಆದ್ರೆ ಟಾಯ್ಲೆಟ್ ಬಾಗಿಲು ಅದರ ಪಕ್ಕದಲ್ಲೇ ತೆಗೆಯೋದ್ರಿಂದ ರಾತ್ರಿ ಯಾರಾದ್ರೂ ಎದ್ರೆ ಚಿಕ್ಕವಳಿಗೆ ಎಚ್ಚರ ಆಗುತ್ತೆ. ಸದ್ಯಕ್ಕೆ ಬಾಗಿಲಂಚಿಗೆ ರಬ್ಬರ್ ಅಂಟಿಸಿದಾರೆ. ಅಣ್ಣ ಬಂದ ದಿನ ಸೋಫಾ ಅವನದಾ ಇವಳದಾ ಅಂತಲೂ ಜಗಳ ಇದೆ, ಅವನು ಟೆಂಟಲ್ಲಿ ಮಲಗ್ತೀನಿ ಅಂತ ಬಿಟ್ಟುಕೊಡ್ತಾನೆ, ಚಳಿ ಜಾಸ್ತಿ ಇದ್ರೆ ಯು ಸೀಟಿನ ಟೇಬಲ್ ಇಳಿಸಿ ಓರೆಯಾಗಿ ಮಲಗ್ತಾನೆ.

ಮೊದಲ ಟ್ರಿಪ್ಪಿಗೆ ನಾನೂ ಒಂದು ದಿನದ ಮಟ್ಟಿಗೆ ಹೋಗಿದ್ದೆ. ಮಧ್ಯಾಹ್ನದಿಂದ ಮಳೆ. ದೊಡ್ಡವಳು ರಾತ್ರಿ ಒಂಬತ್ತಕ್ಕೆ ನೆನೆದುಕೊಂಡು ಬಂದ್ಲು, ಮೆಟ್ಟಿಲ ಹತ್ರ ಆರು ಜೊತೆ ಶೂ, ಒಳಗೆ ಟೇಬಲ್ ಸುತ್ತ ಆರು ಜನ, ನಾನೊಬ್ಬ ಜಾಸ್ತಿ ಇದ್ರೂ ಹಿಡಿಸ್ತು. ಹನ್ನೊಂದೂವರೆಗೆ ಭಾವ ಡ್ರಾಯರಿಂದ ನೋಟ್‌ಬುಕ್ ತೆಗೆದು ದಿನಾಂಕ ಹಾಕಿ, ಐದೂ ಜನ, ಅಂತ ಬರೆದ್ರು, ಆಮೇಲೆ ನನ್ನ ಕಡೆ ನೋಡಿ ಅದರ ಪಕ್ಕ ಪ್ಲಸ್ ಒಂದು ಅಂತ ಸೇರಿಸಿದ್ರು.